1967ರ ಸೌಂಡು, ಇವತ್ತಿನ ಪೆಡಲ್ಲು: ಫಝ್, ವೈಬ್, ಎಕೋ ಬೋರ್ಡ್ ಕಟ್ತಿದೀನಿ, ನೋಡಿ ಹೇಳಿ

ತುಮ್ಕೂರ್_ಟೋನ್

ನಮಸ್ಕಾರ ಎಲ್ರಿಗೂ. ಆರು ವರ್ಷದಿಂದ ಒಂದು ಮಲ್ಟಿ ಎಫೆಕ್ಟ್ಸ್ (ಎಲ್ಲಾ ಎಫೆಕ್ಟೂ ಒಂದೇ ಡಬ್ಬೀಲಿರೋ ಯೂನಿಟ್ಟು) ಇಟ್ಕೊಂಡೇ ನುಡಿಸ್ತಾ ಬಂದಿದೀನಿ. ಸ್ಟ್ರ್ಯಾಟ್ ಥರದ ಗಿಟಾರು, ಮೂರು ಸಿಂಗಲ್ ಕಾಯಿಲ್ ಪಿಕಪ್ಪು, ಸಣ್ಣದೊಂದು ಸಾಲಿಡ್ ಸ್ಟೇಟ್ ಆಂಪು. ಯೂನಿಟ್ಟಲ್ಲಿ ನೂರಾರು ಪ್ರೀಸೆಟ್ ಇದ್ರೂ ಕಾಲು ಕೊನೆಗೆ ಹೋಗೋದು ಅದೇ ನಾಲ್ಕಕ್ಕೆ, ತುಳಿದಂಗೆ ಬಾಯಿ ತೆರೆದು ಮುಚ್ಚೋ ಥರ ಕೇಳೋ ಒಂದು ವಾವಾ, ಸೌಂಡನ್ನ ಒರಟಾಗಿ ದಪ್ಪ ಮಾಡೋ ಒಂದು ಫಝ್, ನೀರಿನ ಮೇಲೆ ತೇಲ್ದಂಗೆ ಅಲೆಯಾಡೋ ಯೂನಿ-ವೈಬ್, ಹಿಂದೆ ಮರುದನಿ ಕೊಡೋ ಟೇಪ್ ಎಕೋ. 1967ರಿಂದ 74ರ ತನಕದ ಸೌಂಡು ಅಂತಾರಲ್ಲ, ಅದು. ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿ ಯೂನಿಟ್ ಪಕ್ಕಕ್ಕಿಟ್ಟು ಒಂದೊಂದೇ ಪೆಡಲ್ (ಕಾಲಲ್ಲಿ ಒತ್ತೋ ಎಫೆಕ್ಟ್ ಡಬ್ಬಿ) ಕೂಡಿಸಿ ಬೋರ್ಡ್ ಕಟ್ತಿದೀನಿ. ಹಳೇ ಒರಿಜಿನಲ್ ತಗೊಳ್ಳೋ ಶಕ್ತಿ ಇಲ್ಲ, ತಗೊಂಡ್ರೂ ಕೆಟ್ಟೋದ್ರೆ ರಿಪೇರಿಗೆ ಅಲೆದಾಡ್ಬೇಕು, ಹಾಗಾಗಿ ಎಲ್ಲಾ ಇವತ್ತಿನ ಗೇರೇ.

ಈಗ ಕೈಯಲ್ಲಿರೋದು ಬಫರ್ (ಸಿಗ್ನಲ್ಲಿಗೆ ಬಲ ಕೊಡೋ ಸಣ್ಣ ಸರ್ಕ್ಯೂಟು) ಇರೋ ಟ್ಯೂನರ್, ವಾಕ್ಸ್ ವಾವಾ, ಸ್ನೇಹಿತನೊಬ್ಬ ಕಟ್ಟಿಕೊಟ್ಟ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಝ್ ಫೇಸ್, ಎಂಎಕ್ಸ್‌ಆರ್ ಯೂನಿ-ವೈಬ್, ಡನ್‌ಲಪ್ ಎಕೋಪ್ಲೆಕ್ಸ್ ಡಿಲೇ. ಇದೇ ಆರ್ಡರಲ್ಲಿ ನೆಲದ ಮೇಲೆ ಜೋಡ್ಸಿ ನಿನ್ನೆ ನುಡಿಸ್ದೆ, ತುಂಬಾ ಬೇಜಾರಾಯ್ತು. ಸ್ನೇಹಿತನ ಮನೇಲಿ ಬೆಣ್ಣೆ ಥರ ಇದ್ದ ಫಝ್ ಇಲ್ಲಿ ತಗಡು ಕೆರೆದಂಗೆ ಕೇಳ್ತು. ಗಿಟಾರ್ ವಾಲ್ಯೂಮ್ ಇಳ್ಸಿದ್ರೆ ಅಲ್ಲಿ ಚೆನ್ನಾಗಿ ಕ್ಲೀನ್ ಆಗ್ತಿತ್ತು, ಇಲ್ಲಿ ಬರೀ ಸದ್ದು ಕಮ್ಮಿಯಾಗುತ್ತೆ ಅಷ್ಟೇ. ಇನ್ನೊಂದು, ಒಂದೇ ಅಡಾಪ್ಟರಿಂದ ಐದು ಬಾಲ ಇರೋ ವೈರು ಹಾಕಿದ್ದೆ, ಫಝ್ಝಿಗೆ ಸಿಕ್ಕಿಸಿದ ಕೂಡ್ಲೇ ಎಲ್ಲಾ ಪೆಡಲ್ ಲೈಟೂ ಆಫ್, ತೆಗೆದ್ರೆ ಮತ್ತೆ ಆನ್. ಸದ್ಯಕ್ಕೆ ಫಝ್ ಮಾತ್ರ ಬ್ಯಾಟರಿ ಮೇಲೆ ಇಟ್ಟಿದೀನಿ. ಎಲ್ಲಿ ತಪ್ಪು ಮಾಡ್ತಿದೀನಿ?

ಪ್ರೀಸೆಟ್_ಪ್ರೇಮಿ

ಗುರು ನನ್ನ ಅನಿಸಿಕೆ ಹೇಳ್ತೀನಿ ತಪ್ಪು ತಿಳ್ಕೋಬೇಡ, ಇಷ್ಟೆಲ್ಲಾ ದುಡ್ಡು ಹಾಕೋ ಬದ್ಲು ಪೆಡಲ್ಲು ಆಂಪಿನ ಸೌಂಡನ್ನ ಡಿಜಿಟಲ್ಲಾಗಿ ನಕಲು ಮಾಡೋ ಒಳ್ಳೇ ಮಾಡೆಲರ್ ಒಂದು ತಗೊಂಡ್ರೆ ಇವೆಲ್ಲಾ ಅದರೊಳಗೇ ಬರುತ್ತೆ, ಕೇಬಲ್ ಗೋಳಿಲ್ಲ ಹಮ್ ಇಲ್ಲ. ವೈಬು ಎಕೋ ಎಲ್ಲಾ ಈಗಿನ ಮಾಡೆಲರಲ್ಲಿ ತುಂಬಾ ಚೆನ್ನಾಗಿದೆ.

ಎಸ್ಪಿರೋಡ್_ಸಾಲ್ಡರ್

ತಮ್ಮಾ ತುಮ್ಕೂರು, ನಿನ್ನ ಫಝ್ ಸರಿಯಾಗೇ ಇದೆ. ಅದರ ಮುಂದೆ ಇಟ್ಟಿರೋ ಟ್ಯೂನರ್ ತೆಗೆದು ನೋಡು, ಅಥವಾ ಫಝ್ ಆದ್ಮೇಲೆ ಇಡು.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದೊಂದು ಅರ್ಥ ಆದ್ರೆ ಬೋರ್ಡಿನ ಅರ್ಧ ಕೆಲಸ ಮುಗೀತು. ಈಗಿನ ಪೆಡಲ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಒಳಗೆ ಬರೋ ಸಿಗ್ನಲ್ಲಿಗೆ ಒಡ್ಡೋ ತಡೆ) ಸಾಮಾನ್ಯವಾಗಿ ಐದು ಲಕ್ಷ, ಹತ್ತು ಲಕ್ಷ ಓಮ್ ಇರುತ್ತೆ, ಅಂದ್ರೆ ಪಿಕಪ್ಪಿಂದ ಕರೆಂಟೇ ಎಳೆಯಲ್ಲ, ಸುಮ್ನೆ ವೋಲ್ಟೇಜ್ ಓದ್ಕೊಳುತ್ತೆ. 1966ರಲ್ಲಿ ಇಂಗ್ಲೆಂಡಲ್ಲಿ ಆರ್ಬಿಟರ್ ಕಂಪನಿ ಬಿಟ್ಟ ಫಝ್ ಫೇಸ್ ಹಾಗಲ್ಲ. ಎರಡೇ ಟ್ರಾನ್ಸಿಸ್ಟರು, ಕೈಬೆರಳಲ್ಲಿ ಎಣಿಸೋಷ್ಟು ಬಿಡಿಭಾಗ, ಇನ್‌ಪುಟ್ ಇಂಪೀಡೆನ್ಸ್ ಕೆಲವೇ ಸಾವಿರ ಓಮ್. ಅದು ಪಿಕಪ್ಪನ್ನ ಹಿಡಿದು ಎಳೆಯುತ್ತೆ. ಹಂಗೆ ಎಳೆದಾಗ ಪಿಕಪ್ಪಿನ ತಾಮ್ರದ ಸುರುಳಿಯೇ ಸರ್ಕ್ಯೂಟಿನ ಒಂದು ಭಾಗ ಆಗೋಗುತ್ತೆ, ಮೇಲಿನ ಕಿರುಚು ತಾನಾಗೇ ಕರಗುತ್ತೆ, ಆ ಬೆಣ್ಣೆ ಅಂದ್ಯಲ್ಲ ಅದು ಬರೋದು ಇಲ್ಲಿಂದ. ಗಿಟಾರ್ ವಾಲ್ಯೂಮ್ ಎಂಟಕ್ಕೋ ಏಳಕ್ಕೋ ಇಳ್ಸಿದಾಗ ಪಿಕಪ್ಪಿಗೂ ಫಝ್ಝಿಗೂ ಮಧ್ಯೆ ನಾಬಿನ ರೆಸಿಸ್ಟೆನ್ಸ್ ಸೇರುತ್ತೆ, ಒಳಗೆ ಹೋಗೋ ಕರೆಂಟ್ ಕಮ್ಮಿಯಾಗುತ್ತೆ, ಗಂಟೆ ನಾದದ ಥರ ಕ್ಲೀನ್ ಬರುತ್ತೆ. ಮಧ್ಯೆ ಬಫರ್ ತಂದು ಕೂರಿಸಿದ್ರೆ ಫಝ್ಝಿಗೆ ಗಿಟಾರ್ ಕಾಣೋದೇ ಇಲ್ಲ, ಬಫರ್ ಕಾಣುತ್ತೆ. ಬಫರ್ ಎಷ್ಟು ಕೇಳಿದ್ರೂ ಕೊಡುತ್ತೆ, ಆಗ ತಗಡು ಕೆರೆದ ಸೌಂಡೇ ಗತಿ.

ಲೈಟೆಲ್ಲಾ ಆಫ್ ಆಗಿದ್ದು ಇನ್ನೊಂದು ಕಥೆ. ನಿನ್ನ ಸ್ನೇಹಿತ ಹಾಕಿರೋದು ಪಿಎನ್‌ಪಿ ಟ್ರಾನ್ಸಿಸ್ಟರ್, ಆ ಕಾಲದ ಫಝ್ ಥರಾನೇ. ಅದರಲ್ಲಿ ಬ್ಯಾಟರಿಯ ಪ್ಲಸ್ಸು ಗ್ರೌಂಡಿಗೆ ಹೋಗುತ್ತೆ. ಉಳಿದ ಎಲ್ಲಾ ಪೆಡಲ್ಲಲ್ಲೂ ಮೈನಸ್ಸು ಗ್ರೌಂಡಿಗೆ. ಪ್ಯಾಚ್ ಕೇಬಲಿನ ಶೀಲ್ಡ್ ಮೂಲಕ ಎಲ್ಲಾ ಗ್ರೌಂಡೂ ಒಂದೇ ಆಗಿರೋದ್ರಿಂದ ಒಂದೇ ಅಡಾಪ್ಟರಲ್ಲಿ ಇಬ್ಬರನ್ನೂ ಸೇರ್ಸಿದ್ರೆ ಪ್ಲಸ್ಸು ಮೈನಸ್ಸು ನೇರ ಶಾರ್ಟ್. ಅಡಾಪ್ಟರಿಗೆ ರಕ್ಷಣೆ ಇದ್ದಿದ್ದಕ್ಕೆ ಬಚಾವಾದೆ. ಮತ್ತೆ ಆ ಕೆಲ್ಸ ಮಾಡ್ಬೇಡ.

ತುಮ್ಕೂರ್_ಟೋನ್

ಅಣ್ಣ ಟ್ಯೂನರ್ ತೆಗೆದೆ. ಅದೇ ಫಝ್!! ಎರಡು ಗಂಟೆ ನುಡಿಸ್ದೆ, ಊಟಕ್ಕೆ ಕರೆದಿದ್ದೂ ಕೇಳಿಸ್ಲಿಲ್ಲ. ವಾಲ್ಯೂಮ್ ಆರಕ್ಕೆ ಇಟ್ರೆ ಕ್ಲೀನ್, ಹತ್ತಕ್ಕೆ ಏರ್ಸಿದ್ರೆ ಪೂರ್ತಿ ಬಾಯಿ ಬಿಡುತ್ತೆ, ಕಾಲಿಗೆ ಕೆಲಸಾನೇ ಇಲ್ಲ.

ಆದ್ರೆ ವಾವಾ ಆನ್ ಮಾಡಿ ಫಝ್ಝೂ ಆನ್ ಮಾಡಿದ್ರೆ ವಾವಾ ಹೆಚ್ಚುಕಮ್ಮಿ ಸತ್ತೋಗುತ್ತೆ, ಪೆಡಲ್ ಮುಂದೆ ಹಿಂದೆ ತುಳಿದ್ರೂ ಬಾಯಿ ತೆರೆದು ಮುಚ್ಚೋ ಆ ಸೌಂಡು ಬರ್ತಿಲ್ಲ. ಹಳಬರು ವಾವಾ ಮುಂದೇನೇ ಇಡ್ತಿದ್ರಲ್ವಾ?

ಎಸ್ಪಿರೋಡ್_ಸಾಲ್ಡರ್

ಹೌದು, ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಆರ್ಡರು ಅದೇ, ವಾವಾ, ಆಮೇಲೆ ಫಝ್, ಆಮೇಲೆ ಯೂನಿ-ವೈಬ್. ಸಮಸ್ಯೆಗೆ ಕಾರಣಾನೂ ಅದೇ, ಫಝ್ ಹಿಡಿದು ಎಳೆಯೋದು. ಪಿಕಪ್ಪನ್ನ ಎಳೆದ್ರೆ ಸೊಗಸು, ವಾವಾದ ಔಟ್‌ಪುಟ್ಟನ್ನ ಎಳೆದ್ರೆ ವಾವಾದ ಸ್ವೀಪ್ ಕುಗ್ಗುತ್ತೆ. ಕೆಲವು ವಾವಾ ಜೊತೆ ವಿಸಿಲ್ ಹೊಡೆಯೋಕೂ ಶುರುವಾಗುತ್ತೆ. ಇದಕ್ಕೆ ಮದ್ದು ವಾವಾದ ಒಳಗೇ ಕೊನೇಲಿ ಒಂದು ಟ್ರಾನ್ಸಿಸ್ಟರಿನ ಸಣ್ಣ ಬಫರ್, ಆದ್ರೆ ಅದು ವಾವಾ ಆನ್ ಇದ್ದಾಗ ಮಾತ್ರ ದಾರೀಲಿ ಇರ್ಬೇಕು. ವಾವಾ ಟ್ರೂ ಬೈಪಾಸ್ ಆಗಿದ್ರೆ, ಆಫ್ ಮಾಡಿದ ಕೂಡ್ಲೇ ಗಿಟಾರು ನೇರ ಫಝ್ಝಿಗೆ ಹೋಗುತ್ತೆ, ಎರಡೂ ಉಳೀತು.

ಬಫರ್ ಹಾಕಿದ್ರೆ ತಗಡು ಆಗಲ್ವಾ ಅಂತ ಕೇಳ್ಬಹುದು. ಬಫರ್ ಔಟ್‌ಪುಟ್ಟಲ್ಲಿ ಸರಣಿಯಾಗಿ ಒಂದು ರೆಸಿಸ್ಟರ್ ಹಾಕ್ಬೇಕು, ಹತ್ತು ಕೆ ಆಸುಪಾಸಿಂದ ಶುರು ಮಾಡಿ ಕಿವೀಲಿ ಕೇಳ್ಕೊಂಡು ಬದಲಾಯಿಸು. ವಾವಾ ಜೊತೆ ಅಷ್ಟು ಸಾಕು, ಹೇಗೂ ವಾವಾನೇ ಟೋನ್ ತಿರುಚ್ತಾ ಇರುತ್ತೆ.

ಧಾರವಾಡ_ಧ್ವನಿ

ಎಸ್ಪಿರೋಡ್ ಸರ್ ಹೇಳಿದ್ದು ಖರೆ ಐತಿ, ಆದ್ರ ನಾ ವಾವಾನ್ನ ಫಝ್ ಆದಮ್ಯಾಗ ಇಡ್ತೀನಿ ನೋಡ್ರಿ. ಫಝ್ ಒಳಗಿಂದ ಬರೂ ಹಾರ್ಮೋನಿಕ್ಸ್ ಭಾಳ ದಟ್ಟ ಇರ್ತಾವು, ಅದನ್ನ ವಾವಾ ಸೀಳಿದಾಗ ಬರೂ ಆವಾಜು ಭಾರಿ ಇರ್ತದ, ಸಿಂಥಸೈಜರ್ ಇದ್ದಂಗ. ಫಝ್ ನೇರ ಗಿಟಾರಕ್ಕ ಹತ್ತತದ, ಬಫರ್ ಚಿಂತೀನೂ ಇಲ್ಲ. ಆದ್ರ ಸೂಕ್ಷ್ಮ ಇರಂಗಿಲ್ಲ, ಕಿವಿಗೆ ಜರಾ ಬಿರುಸು. ಎರಡೂ ಮಾಡಿ ನೋಡ್ರಿ, ರೊಕ್ಕಾ ಏನೂ ಹತ್ತಂಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಜರ್ಮೇನಿಯಂ ಫಝ್ ಅಂದ್ರ ಬಿಸಲು ಬ್ಯಾಸಗಿ ನೋಡಿ ಇಟ್ಕೋಬೇಕ್ರಿ. ಹೋದ ವರ್ಷ ಏಪ್ರಿಲ್ ತಿಂಗಳದಾಗ ಕಲಬುರಗಿ ಒಳಗ ನಮ್ಮದೊಂದು ಕಾರ್ಯಕ್ರಮ ಇತ್ತು, ಬಯಲು ಸ್ಟೇಜು, ಸಂಜಿ ಐದಕ್ಕ ಸೌಂಡ್ ಚೆಕ್. ಮುಂಜಾನೆ ಧಾರವಾಡದಾಗ ಛಂದ ಇದ್ದ ಫಝ್ ಅಲ್ಲಿ ಗಿಟಾರ್ ಹತ್ತಿದ ಕೂಡ್ಲೇ ಪುಸ್ ಪುಸ್ ಅಂತ ಉಸಿರು ಬಿಡಲಿಕ್ಕ ಹತ್ತಿತು, ನೋಟು ಹಿಡದರ ಅರ್ಧಕ್ಕ ಕಡದು ಹೋಗತದ, ಸದ್ದು ಪೂರಾ ಸಣ್ಣ. ನಾ ಗಾಬರಿ ಆಗಿ ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ. ಕಡೀಕ ಒಬ್ಬರು ಹಿರಿಯರು ಹೇಳಿದ್ರು, ತಣ್ಣಗಿನ ನೀರಿನ ಬಾಟ್ಲಿ ಮ್ಯಾಲೆ ಅರಿವಿ ಸುತ್ತಿ ಪೆಡಲ್ ಬಾಜೂಕ ಇಡು ಅಂತ. ಹತ್ತು ನಿಮಿಷಕ್ಕ ಫಝ್ ವಾಪಸ್ ಬಂತು. ಆ ದಿನ ಆ ಬಾಟ್ಲಿ ಕಾರ್ಯಕ್ರಮ ಮುಗಿಯೂತನಕ ಅಲ್ಲೇ ಇತ್ತು.

ಎಸ್ಪಿರೋಡ್_ಸಾಲ್ಡರ್

ಧಾರವಾಡದವರ ಅನುಭವ ಪುಸ್ತಕದಲ್ಲಿರೋ ಹಂಗೇ ಇದೆ. ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಲೀಕೇಜ್ ಅಂತ ಒಂದು ಇರುತ್ತೆ, ಅದರ ಬೇಸ್ ಅನ್ನೋ ಕಾಲಿಗೆ ಏನೂ ಕೊಡದಿದ್ರೂ ತಾನಾಗೇ ಸೋರೋ ಕರೆಂಟು. ಅದು ಸುಮಾರು ಹತ್ತು ಡಿಗ್ರಿ ಬಿಸಿ ಏರಿದ್ರೆ ದುಪ್ಪಟ್ಟಾಗುತ್ತೆ. ಬೆಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆ 20 ಡಿಗ್ರೀಲಿ ಕೂತು ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡೋ ವೋಲ್ಟೇಜು) ಸರಿ ಮಾಡಿದ ಫಝ್ಝಲ್ಲಿ ಕಲಬುರಗಿ 40 ಡಿಗ್ರೀಲಿ ನಾಲ್ಕು ಪಟ್ಟು ಸೋರುತ್ತೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಅನ್ನೋ ಕಾಲಲ್ಲಿ ನಾಲ್ಕೂವರೆ ವೋಲ್ಟ್ ಹತ್ರ ಇರ್ಬೇಕಾದ್ದು ಎಲ್ಲೋ ಜಾರಿ ಹೋಗುತ್ತೆ, ಆವಾಗ್ಲೇ ಆ ಪುಸ್ ಪುಸ್.

ಎರಡು ದಾರಿ ಇದೆ. ಒಂದು, ಕಲೆಕ್ಟರ್ ರೆಸಿಸ್ಟರ್ ಜಾಗದಲ್ಲಿ ಟ್ರಿಮ್‌ಪಾಟ್ (ತಿರುಗಿಸಿ ಬದಲಾಯಿಸೋ ರೆಸಿಸ್ಟರ್) ಹಾಕಿ ಅದರ ನಾಬು ಹೊರಗೆ ಬರೋ ಹಂಗೆ ಮಾಡಿ, ಊರಿಂದ ಊರಿಗೆ ಹೋದಾಗ ಸ್ವಲ್ಪ ತಿರುಗಿಸಿ ಸರಿ ಮಾಡ್ಕೊಳ್ಳೋದು. ಎರಡು, ಸಿಲಿಕಾನ್ ಫಝ್. 1960ರ ದಶಕದ ಕೊನೇಲೇ ಫಝ್ ಫೇಸ್ ಕಟ್ಟೋರು ಸಿಲಿಕಾನ್‌ಗೆ ಬಂದ್ರು, ಬಿಸಿ ಆದ್ರೂ ಅಲ್ಲಾಡಲ್ಲ ಅನ್ನೋದೂ ಒಂದು ಕಾರಣ. ಬಿಸಿ108 ಅನ್ನೋ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದ ಫಝ್ ಜೋರು, ಹೊಳಪು ಜಾಸ್ತಿ, ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಲ್ಮೋರ್ ಅವರ ಎಪ್ಪತ್ತರ ದಶಕದ ಶುರುವಿನ ಫಝ್ ಆ ಜಾತಿದು. ಬೇಸಿಗೇಲಿ ಹೊರಗೆ ನುಡಿಸೋರು ಅದನ್ನೇ ಬೋರ್ಡಲ್ಲಿಟ್ಟು ಜರ್ಮೇನಿಯಂ ಮನೇಲಿ ಇಟ್ಕೊಳ್ಳಿ ಅಂತ ನಾನು ಹೇಳ್ತೀನಿ.

ಒಂದು ವಿಷಯ ಹೇಳ್ದೆ ಹೋದ್ರೆ ಮನಸ್ಸಿಗೆ ಸಮಾಧಾನ ಆಗಲ್ಲ. ಜರ್ಮೇನಿಯಂ ಅಂದ್ರೆ ಇಂಗ್ಲೆಂಡಿಂದ ಎನ್‌ಕೆಟಿ275 ಟ್ರಾನ್ಸಿಸ್ಟರೇ ತರಿಸ್ಬೇಕು ಅಂತ ಎಲ್ರೂ ಅಂದ್ಕೋತಾರೆ. ನಮ್ಮ ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡೋಕೆ ಶುರು ಮಾಡಿತ್ತು. ಅದೇ 1962ರಲ್ಲೇ ಅಮೆರಿಕದಲ್ಲಿ ಗಿಬ್ಸನ್‌ನವರು ಮೇಸ್ಟ್ರೋ ಫಝ್-ಟೋನ್ ಬಿಟ್ಟಿದ್ದು. ನಮ್ಮ ಅಪ್ಪ ರೇಡಿಯೋ ರಿಪೇರಿ ಮಾಡ್ತಿದ್ರು, ಅವರ ಹಳೇ ತಗಡಿನ ಡಬ್ಬೀಲಿ ಬಿಇಎಲ್ ಎಸಿ128 ಒಂದು ಹಿಡಿ ಸಿಕ್ತು, ಅಷ್ಟೂ ಟ್ರಾನ್ಸಿಸ್ಟರ್ ರೇಡಿಯೋಗಳ ಔಟ್‌ಪುಟ್ಟಿಂದ ಬಿಚ್ಚಿದ್ದು. ಎಸಿ128 ಅಂದ್ರೆ ಆ ಕಾಲದ ಎಷ್ಟೋ ಬ್ರಿಟಿಷ್ ಫಝ್ಝಲ್ಲಿ ಇದ್ದಿದ್ದೇ. ಅಳೆದು ಜೋಡಿ ಮಾಡಿ ಒಂದು ಫಝ್ ಕಟ್ಟಿದೆ, ಇವತ್ತಿಗೂ ನನ್ನ ಬೋರ್ಡಲ್ಲಿ ಮೊದಲನೇ ಪೆಡಲ್ ಅದೇ. ಯಾರದಾದ್ರೂ ಮನೇಲಿ ಅಟ್ಟದ ಮೇಲೆ ಕೆಟ್ಟ ರೇಡಿಯೋ ಇದ್ರೆ ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ, ಕೈ ಮುಗಿದು ಕೇಳ್ತೀನಿ.

ತುಮ್ಕೂರ್_ಟೋನ್

ಅಣ್ಣ ಅಜ್ಜಿ ಮನೇಲಿ ಅಂಥದ್ದೊಂದು ರೇಡಿಯೋ ಇದೆ, ಚರ್ಮದ ಕವರ್ ಇರೋದು! ಅಳೆಯೋದು ಹೆಂಗೆ ಹೇಳಿ, ನನ್ನ ಮಲ್ಟಿಮೀಟರಲ್ಲಿ ಟ್ರಾನ್ಸಿಸ್ಟರ್ ಸಿಕ್ಕಿಸೋ ತೂತು ಇದೆ.

ಎಸ್ಪಿರೋಡ್_ಸಾಲ್ಡರ್

ಆ ತೂತು ನಂಬ್ಬೇಡ. ಅದು ಸೋರೋ ಕರೆಂಟನ್ನೂ ಗೇನ್ (ಟ್ರಾನ್ಸಿಸ್ಟರ್ ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು) ಅಂತಾನೇ ಎಣಿಸಿ ಹೇಳುತ್ತೆ, 80 ಇರೋದಕ್ಕೆ 140 ಅನ್ನುತ್ತೆ. ಹೀಗೆ ಮಾಡು, ಒಂಬತ್ತು ವೋಲ್ಟ್ ಬ್ಯಾಟರಿ, ಪಿಎನ್‌ಪಿ ಆದ್ರಿಂದ ಎಮಿಟರ್ ಪ್ಲಸ್ಸಿಗೆ, ಕಲೆಕ್ಟರಿಂದ ಮೈನಸ್ಸಿಗೆ 2.4 ಕೆ ರೆಸಿಸ್ಟರ್, ಬೇಸ್ ಖಾಲಿ ಬಿಡು. ರೆಸಿಸ್ಟರ್ ಮೇಲೆ ಎಷ್ಟು ವೋಲ್ಟ್ ಇದೆ ನೋಡು. 0.24 ಬಂದ್ರೆ 100 ಮೈಕ್ರೋಆಂಪ್ ಸೋರ್ತಿದೆ ಅಂತ. ಇನ್ನೂರು, ಮುನ್ನೂರು ದಾಟಿದ್ರೆ ಪಕ್ಕಕ್ಕಿಡು. ಆಮೇಲೆ ಬೇಸಿಂದ ಮೈನಸ್ಸಿಗೆ 2.2 ಮೆಗ್ ರೆಸಿಸ್ಟರ್ ಸೇರ್ಸು, ಸುಮಾರು 4 ಮೈಕ್ರೋಆಂಪ್ ಒಳಗೆ ಹೋಗುತ್ತೆ, ವೋಲ್ಟೇಜ್ ಏರುತ್ತೆ. ಏರಿದ್ದರಲ್ಲಿ ಮೊದಲಿನದ್ದು ಕಳೆದು ನೂರರಿಂದ ಗುಣಿಸಿದ್ರೆ ಹತ್ತಿರ ಹತ್ತಿರ ನಿಜವಾದ ಗೇನ್. ಮೊದಲನೇ ಟ್ರಾನ್ಸಿಸ್ಟರ್ 70, 80ರದ್ದು, ಎರಡನೇದು 110, 120ರದ್ದು ಸಿಕ್ಕಿದ್ರೆ ನಿನ್ನ ಪುಣ್ಯ. ಅಳೆಯೋವಾಗ ಬೆರಳಲ್ಲಿ ಹಿಡ್ಕೋಬೇಡ, ಮೈ ಬಿಸಿಗೇ ರೀಡಿಂಗ್ ಏರ್ತಾ ಹೋಗುತ್ತೆ. ಮತ್ತೆ ನೇರ ಬೆಸುಗೆ ಹಾಕ್ಬೇಡ, ಸಾಕೆಟ್ ಹಾಕು, ಕಾದ ಸಾಲ್ಡರಿಗೆ ಜರ್ಮೇನಿಯಂ ಬೇಗ ಸಾಯುತ್ತೆ.

ಕುಡ್ಲ_ಕಾರ್ಡ್

ಪವರ್ ಬಗ್ಗೆ ನಾನು ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಅದ್ರಲ್ಲಿ ನಾನು ತುಂಬಾ ಕಷ್ಟ ಪಟ್ಟಿದ್ದೇನೆ. ಈಗಿನ ಬೋರ್ಡಿನ ತೊಂದರೆ ಏನು ಅಂದ್ರೆ ಎರಡು ಕಾಲದ ಪೆಡಲ್‌ಗಳು ಒಟ್ಟಿಗೆ ಇರೋದು. ಫಝ್ ಕುಡಿಯುವುದು ಒಂದು ಮಿಲಿಆಂಪ್ ಆಸುಪಾಸು ಅಷ್ಟೇ, ಡಿಜಿಟಲ್ ಡಿಲೇಗೆ ಅದರ ಎಷ್ಟೋ ಪಟ್ಟು ಬೇಕು, ಮತ್ತು ಅದರ ಒಳಗಿನ ಪ್ರಾಸೆಸರಿನ ಕ್ಲಾಕ್ ಸದ್ದು ವೈರಿನಲ್ಲಿ ವಾಪಸ್ ಬಂದು ಫಝ್‌ನ ಒಳಗೆ ಹೋದ್ರೆ ಅದು ನೂರು ಪಟ್ಟು ದೊಡ್ಡದಾಗಿ ಚೀಂಯ್ ಅಂತ ಕೇಳ್ತದೆ. ಒಂದೇ ಅಡಾಪ್ಟರ್, ಐದು ಬಾಲ ಅಂದ್ರೆ ಹೀಗೇ ಆಗೋದು. ಐಸೊಲೇಟೆಡ್ ಪವರ್ ಸಪ್ಲೈ ತೆಗೊಳ್ಳಿ, ಪ್ರತಿ ಔಟ್‌ಪುಟ್ಟಿನ ಗ್ರೌಂಡ್ ಬೇರೆ ಬೇರೆ ಇರುವಂಥದ್ದು. ಒಂದು ಪೆಡಲ್ ಕಡಿಮೆ ತೆಗೊಂಡ್ರೂ ಅಡ್ಡಿಲ್ಲ, ಇದರಲ್ಲಿ ಉಳಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಅದು ಇದ್ರೆ ನಿಮ್ಮ ಪಿಎನ್‌ಪಿ ಫಝ್ಝನ್ನೂ ಅದರ ಒಂದು ಔಟ್‌ಪುಟ್ಟಿಗೆ ಉಲ್ಟಾ ಪೋಲಾರಿಟಿ ಕೇಬಲ್ ಹಾಕಿ ಕೊಡ್ಬಹುದು, ಶಾರ್ಟ್ ಆಗುದಿಲ್ಲ.

ಆದ್ರೂ ನನ್ನ ಫಝ್ ಬ್ಯಾಟರಿಯಲ್ಲೇ ಉಂಟು. ಅಂಗಡಿಯಲ್ಲಿ ಸಿಗುವ ಸಾದಾ ಕಾರ್ಬನ್-ಝಿಂಕ್ ಒಂಬತ್ತು ವೋಲ್ಟ್ ಸಾಕು, ಆಲ್ಕಲೈನ್ ಬೇಡ. ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಜೋರಾಗಿ ಹೊಡೆದಾಗ ಸ್ವಲ್ಪ ಬಾಗ್ತದೆ, ನನಗೆ ಅದು ಕೈಗೆ ಗೊತ್ತಾಗ್ತದೆ. ನುಡಿಸಿ ಆದ ಮೇಲೆ ಇನ್‌ಪುಟ್ ಕೇಬಲ್ ತೆಗೆದಿಡ್ಲೇಬೇಕು, ಜ್ಯಾಕ್ ಸಿಕ್ಕಿಸಿದ್ರೆ ಬ್ಯಾಟರಿ ಆನ್ ಇದ್ದಂತೆಯೇ.

ಮನೆಯ ವೈರಿಂಗ್ ಸಹ ನೋಡಿ. ನಮ್ಮ ಹಳೆ ಮನೆಯಲ್ಲಿ ಪ್ಲಗ್ಗಿಗೆ ಅರ್ಥಿಂಗ್ ಇರ್ಲೇ ಇಲ್ಲ, ತಂತಿ ಮುಟ್ಟಿದ್ರೆ ಹಮ್ ಹೆಚ್ಚು ಕಡಿಮೆ ಆಗ್ತಿತ್ತು. ಇದು ಬರೀ ಸೌಂಡಿನ ವಿಷಯ ಅಲ್ಲ, ಜೀವಕ್ಕೆ ಅಪಾಯ, ಇಲೆಕ್ಟ್ರಿಷಿಯನ್ ಕರೆಸಿ ಮೊದಲು ಅರ್ಥಿಂಗ್ ಮಾಡಿಸಿ. ಸಿಂಗಲ್ ಕಾಯಿಲ್ ಇದ್ರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎರಡರಲ್ಲಿ ಮೂರರಲ್ಲಿ ಇಟ್ಟಾಗ ಜುಂಯ್ ಅಂತ ಬರ್ತದೆ, ಫುಲ್ ಇಡಿ ಅಥವಾ ಆಫ್ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡಿದ್ರೆ ಆ ಗುಂಯ್ ಯಾವ ಪೆಡಲಿನಿಂದಲೂ ಹೋಗುದಿಲ್ಲ, ಸೈನ್ ವೇವ್ ಇನ್ವರ್ಟರ್ ಇದ್ರೆ ತೊಂದರೆ ಇಲ್ಲ.

ಪ್ರೀಸೆಟ್_ಪ್ರೇಮಿ

ಇದನ್ನೆಲ್ಲಾ ಓದ್ತಾ ಒಂದು ಒಪ್ಕೋತೀನಿ, ನನ್ನ ಮಾಡೆಲರಲ್ಲಿ ಫಝ್ ಜೊತೆ ಗಿಟಾರ್ ವಾಲ್ಯೂಮ್ ಇಳ್ಸಿದ್ರೆ ಆ ಕ್ಲೀನ್ ಬರಲ್ಲ, ನಾನು ಮಾಡೆಲ್ಲೇ ಹಂಗೆ ಅಂದ್ಕೊಂಡಿದ್ದೆ. ಇಂಪೀಡೆನ್ಸ್ ಬದಲಾಯಿಸೋ ಸೆಟ್ಟಿಂಗ್ ಇರೋ ಮಾಡೆಲರ್ ಇದೆಯಾ?

ಎಸ್ಪಿರೋಡ್_ಸಾಲ್ಡರ್

ಇದೆ, ಲೈನ್ 6 ಹೀಲಿಕ್ಸ್‌ನಲ್ಲಿ ಗಿಟಾರ್ ಇನ್‌ಪುಟ್ ಇಂಪೀಡೆನ್ಸ್ ಬದಲಾಗುತ್ತೆ, ಆಟೋಗೆ ಇಟ್ರೆ ಮೊದಲು ಬರೋ ಪೆಡಲ್ ನೋಡ್ಕೊಂಡು ತಾನೇ ಸರಿಹೊಂದಿಸ್ಕೊಳುತ್ತೆ. ನಿಮ್ಮ ಯೂನಿಟ್ಟಲ್ಲಿ ಆ ಸೆಟ್ಟಿಂಗ್ ಇಲ್ದಿದ್ರೂ ಪರವಾಗಿಲ್ಲ. ಒಂದು ಫಝ್ ಮಾತ್ರ ನಿಜವಾದ್ದು ತಗೊಂಡು ಮಾಡೆಲರ್ ಮುಂದೆ ಇಡಿ, ಉಳಿದಿದ್ದೆಲ್ಲಾ ಒಳಗೇ ಇರ್ಲಿ. ಅದೂ ಒಳ್ಳೇ ಬೋರ್ಡೇ. ವೈರ್‌ಲೆಸ್ ಬಳಸೋರಿಗೂ ಇದೇ ಮಾತು, ರಿಸೀವರ್ ಅಂದ್ರೆ ಬಫರೇ, ಅದರ ಹಿಂದೆ ಫಝ್ ಫೇಸ್ ಇಟ್ರೆ ಅದೇ ತಗಡು. ಫಝ್ ಪ್ರೀತಿ ಇದ್ರೆ ಕೇಬಲ್ ಹಾಕಿ.

ಲೀಡ್ಸ್_ಕನ್ನಡತಿ

ಕೇಬಲ್ ಅಂದ್ರಲ್ಲ, ಅದ್ರ ಬಗ್ಗೆ ಒಂದು. ಸಾಮಾನ್ಯ ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, ಆರು ಮೀಟರಿಗೆ 600. ಆ ಕಾಲದವ್ರು ಬಳಸ್ತಿದ್ದ ಸುರುಳಿ ಕೇಬಲ್ಲಿಗೆ ಇದಕ್ಕಿಂತ ಎಷ್ಟೋ ಜಾಸ್ತಿ, ಟ್ರೆಬಲ್ ಅಲ್ಲೇ ಮೆತ್ತಗಾಗ್ತಿತ್ತು. ನಾನು ಈಗಿನ ಒಳ್ಳೆ ಕೇಬಲ್ ತೆಗೆದು ಒಂದು ಸುರುಳಿ ಕೇಬಲ್ ಹಾಕಿದ ದಿನ ನನ್ನ ಫಝ್ ಆ ರೆಕಾರ್ಡಿಂಗ್‌ಗಳಿಗೆ ಒಂದು ಹೆಜ್ಜೆ ಹತ್ತಿರ ಬಂತು.

ಎಕೋ ಬಗ್ಗೆ ಯಾರೂ ಮಾತಾಡ್ಲಿಲ್ಲ ಅಂತ ಬರೀತಿದೀನಿ. ಇಲ್ಲಿ ನಾವು ಪ್ರಾಕ್ಟೀಸ್ ಮಾಡೋ ಜಾಗದಲ್ಲಿ ರೋಲ್ಯಾಂಡ್ ಸ್ಪೇಸ್ ಎಕೋ ಆರ್‌ಇ-201 ಒಂದಿದೆ, 1974ರಿಂದ ಬಂದ ಮಾಡೆಲ್ಲು, ಗಾಜಿನ ಹಾಗೆ ಪಾರದರ್ಶಕ ಮುಚ್ಚಳದ ಕೆಳಗೆ ಟೇಪು ಹಾವಿನ ಥರ ಸುರುಳಿ ಸುರುಳಿಯಾಗಿ ಹರಿದಾಡ್ತಾ ಇರುತ್ತೆ, ಒಂದು ರೆಕಾರ್ಡ್ ಹೆಡ್ಡು, ಮುಂದೆ ಮೂರು ಪ್ಲೇಬ್ಯಾಕ್ ಹೆಡ್ಡು. ಒಂದು ಸಂಜೆ ಪೂರ್ತಿ ನಾನು ಹಾಡು ಬಿಟ್ಟು ಅದನ್ನೇ ಕೇಳ್ತಾ ಕೂತಿದ್ದೆ. ನನಗೆ ಕಿವಿಗೆ ಬಿದ್ದಿದ್ದು ಇದು: ಮರುದನಿ ಪ್ರತಿ ಸುತ್ತಿಗೂ ಮಬ್ಬಾಗುತ್ತೆ, ಮೇಲಿನ ದನಿಯೂ ಹೋಗುತ್ತೆ ಕೆಳಗಿನ ಗುಡುಗೂ ಹೋಗುತ್ತೆ, ಮಧ್ಯದ್ದು ಮಾತ್ರ ಉಳಿಯುತ್ತೆ. ಮೋಟಾರು, ಟೇಪಿನ ಎಳೆತದಿಂದ ಶ್ರುತಿ ತುಂಬಾ ಸಣ್ಣಗೆ ತೂಗಾಡುತ್ತೆ. ಜೋರಾಗಿ ಹೊಡೆದ್ರೆ ಟೇಪು ತುಂಬಿ ಮರುದನಿ ಸ್ವಲ್ಪ ಕರಕಲಾಗುತ್ತೆ, ಮೆಲ್ಲಗೆ ನುಡಿಸಿದ್ರೆ ಸ್ವಚ್ಛ. ಇಷ್ಟೂ ಗಿಟಾರಿನ ನೇರ ದನಿಗೆ ಅಡ್ಡ ಬರಲ್ಲ, ಹಿಂದೆ ನಿಂತು ಹಾಡುತ್ತೆ.

ಈಗಿನ ಡಿಜಿಟಲ್ ಪೆಡಲ್ಲುಗಳು ಇದನ್ನ ನಂಬೋ ಹಾಗೆ ಮಾಡ್ತವೆ, ಬಾಸ್‌ನವರ ಆರ್‌ಇ-202 ನಾನೇ ಬಳಸ್ತೀನಿ, ನಿಮ್ಮ ಎಕೋಪ್ಲೆಕ್ಸ್ ಡಿಲೇಲೂ ಟೇಪ್ ಹಳೇದಾಗೋದನ್ನ ಹೆಚ್ಚು ಕಮ್ಮಿ ಮಾಡೋ ಏಜ್ ಕಂಟ್ರೋಲ್ ಇದೆ. ಆದ್ರೆ ಎಲ್ರೂ ತಪ್ಪು ಮಾಡೋದು ಒಂದೇ ಕಡೆ, ತೂಗಾಟ ತುಂಬಾ ಇಟ್ಬಿಡ್ತಾರೆ. ಚೆನ್ನಾಗಿ ನೋಡ್ಕೊಂಡ ಟೇಪ್ ಎಕೋ ಅಷ್ಟು ತೂಗಾಡಲ್ಲ. ಮಿಕ್ಸ್ ಕಮ್ಮಿ, ಮರುದನಿ ಎರಡು ಮೂರು, ಸಮಯ 300ರಿಂದ 380 ಮಿಲಿಸೆಕೆಂಡ್ ಒಳಗೆ ಶುರು ಮಾಡಿ ನೋಡಿ. ಮತ್ತೆ ಎಕೋನ ಆಂಪ್ ಲೂಪಿಗೆ (ಎಫೆಕ್ಟ್ ಸೇರ್ಸೋಕೆ ಆಂಪಲ್ಲೇ ಇರೋ ಬೇರೆ ಜ್ಯಾಕು) ಹಾಕ್ಬೇಡಿ, ಆಗ ಆಂಪಲ್ಲಿ ಲೂಪೇ ಇರ್ತಿರ್ಲಿಲ್ಲ, ಎಲ್ಲಾ ಮುಂದಿನ ಜ್ಯಾಕಿಗೇ. ಎಕೋ ಆಂಪಿನ ಕರಕಲಿನ ಒಳಗೆ ಹೋಗಿ ಕಲಸಿಕೊಳ್ಳೋದೇ ಆ ಸೌಂಡಿನ ಗುಟ್ಟು.

ಧಾರವಾಡ_ಧ್ವನಿ

ಲೀಡ್ಸ್ ಅಕ್ಕಾರ, ವೈಬ್ ಫಝ್ ಮುಂದೋ ಹಿಂದೋ? ನನ್ನ ಕಡೆ ಹಳೇ ಫೇಸ್ 90 ಅನ್ನೂ ಫೇಸರ್ ಪೆಡಲ್ ಐತಿ, ವೈಬ್ ಬದಲಿ ಅದನ್ನ ಹಾಕಿದ್ರ ನಡೀತದೇನ್ರಿ?

ಲೀಡ್ಸ್_ಕನ್ನಡತಿ

ನಾನು ಹಿಂದೆ ಇಡ್ತೀನಿ, ಫಝ್ ಆದ್ಮೇಲೆ. ಮುಂದೆ ಇಟ್ರೂ ಒಂಥರಾ ಚೆನ್ನಾಗಿರುತ್ತೆ ಆದ್ರೆ ಫಝ್ ಫೇಸ್‌ಗೆ ಮತ್ತೆ ಗಿಟಾರ್ ಕಾಣಲ್ಲ.

ಫೇಸ್ 90 ಸೊಗಸಾದ ಪೆಡಲ್ಲೇ, ಆದ್ರೆ ಅದೇ ಅಲ್ಲ. ಎರಡರಲ್ಲೂ ನಾಲ್ಕು ಹಂತ ಇದೆ. ಫೇಸ್ 90ಯಲ್ಲಿ ನಾಲ್ಕೂ ಹಂತದ ಕೆಪ್ಯಾಸಿಟರ್ ಒಂದೇ ಅಳತೆ. ಶಿನ್-ಐ ಕಂಪನಿಗೆ ಫುಮಿಯೋ ಮಿಯೆಡಾ ಮಾಡಿದ ಯೂನಿ-ವೈಬಲ್ಲಿ ನಾಲ್ಕೂ ಬೇರೆ ಬೇರೆ, ಒಂದು 470 ಪಿಕೋಫ್ಯಾರಡ್ ಇದ್ರೆ ಇನ್ನೊಂದು 220 ನ್ಯಾನೋಫ್ಯಾರಡ್. ಅದಕ್ಕೇ ಅಲೆ ಸಮ ಇರಲ್ಲ, ಅಗಿದ ಹಾಗೆ ಕೇಳುತ್ತೆ. ಮಧ್ಯದಲ್ಲಿ ಒಂದು ಪುಟ್ಟ ಬಲ್ಬು, ಸುತ್ತ ನಾಲ್ಕು ಬೆಳಕಿನ ಸೆಲ್ಲು. ಬಲ್ಬು ಕಾಯೋದಕ್ಕೂ ಆರೋದಕ್ಕೂ ಸಮಯ ಬೇಕಲ್ಲ, ಆ ತಡದಿಂದ ಒಂದು ಕಡೆ ವಾಲಿದ ಮಿಡಿತ ಬರುತ್ತೆ. ಆ ಸೆಲ್ಲಲ್ಲಿ ಕ್ಯಾಡ್ಮಿಯಂ ಇರೋದ್ರಿಂದ ಯುರೋಪಲ್ಲಿ ನಿರ್ಬಂಧ ಇದೆ, ಅದಕ್ಕೇ ಈಗಿನ ಎಷ್ಟೋ ವೈಬುಗಳು ಬಲ್ಬಿಲ್ಲದೆ ಬೇರೆ ದಾರಿ ಹುಡುಕಿಕೊಂಡಿವೆ. ಕಣ್ಣು ಮುಚ್ಚಿ ಕೇಳಿ ತಗೊಳ್ಳಿ, ಒಳಗೆ ಬಲ್ಬಿದೆಯಾ ಅಂತ ಬಿಚ್ಚಿ ನೋಡಿ ಬೇಡ.

ಕಾಫಿ_ಬ್ಲಾಕ್

ಬೋರ್ಡ್ ಬೋರ್ಡ್ ಅಂತೀರ, ಹಲಗೆ ಯಾವುದು? ನಮ್ಮ ಸಕಲೇಶಪುರದ ಕಡೆ ತೋಟದಲ್ಲಿ ನೆರಳಿಗೆ ಬೆಳ್ಸೋ ಸಿಲ್ವರ್ ಓಕ್ ಇದ್ಯಲ್ಲ, ಅದರ ಹಲಗೇಲಿ ನಾನು ಕಟ್ಟಿದೀನಿ. ಹಗುರ, ಅಗ್ಗ, ಎಳೆ ತುಂಬಾ ಚೆಂದ. ಚೆನ್ನಾಗಿ ಒಣಗಿರೋದು ನೋಡ್ಕೊಳ್ಳಿ, ಹಸಿ ಇದ್ರೆ ಸೊಟ್ಟಗಾಗುತ್ತೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹಿಂಭಾಗ ಎರಡೂವರೆ ಇಂಚು ಎತ್ತರ ಮಾಡಿ ಕೆಳಗೆ ಪವರ್ ಸಪ್ಲೈ ಸ್ಕ್ರೂ ಮಾಡಿದೀನಿ. ವೆಲ್ಕ್ರೋ ಹಾಕೋರು ಬಿಸಿಲಲ್ಲಿ ಕಾರಲ್ಲಿ ಬಿಡ್ಬೇಡಿ, ಗೋಂದು ಕರಗಿ ಪೆಡಲ್ ಜಾರಿ ಪ್ಯಾಚ್ ಕೇಬಲ್ ಮುರ್ಕೊಂಡಿದ್ದು ಉಂಟು. ವಾವಾ ಮಾತ್ರ ಸ್ಕ್ರೂ ಮಾಡ್ಲೇಬೇಕು, ಕಾಲಿನ ಒತ್ತಡಕ್ಕೆ ವೆಲ್ಕ್ರೋ ನಿಲ್ಲಲ್ಲ.

ತುಮ್ಕೂರ್_ಟೋನ್

ಮೂರು ವಾರ ಆಯ್ತು, ಬೋರ್ಡ್ ಮುಗೀತು. ಎಲ್ರ ಮಾತೂ ಒಂದೊಂದಾಗಿ ಮಾಡಿ ನೋಡ್ದೆ.

ಅಜ್ಜಿ ಮನೆ ರೇಡಿಯೋ ಬಿಚ್ಚಿದೆ ಅಣ್ಣ. ಅಜ್ಜಿ ಪಕ್ಕದಲ್ಲೇ ಕೂತು ನೋಡ್ತಿದ್ರು, ತಾತ ಇದ್ರಲ್ಲೇ ಬೆಳಗ್ಗೆ ವಾರ್ತೆ ಕೇಳ್ತಿದ್ರು ಅಂದ್ರು. ಔಟ್‌ಪುಟ್ಟಲ್ಲಿ ಎರಡು ಎಸಿ128, ಬಿಇಎಲ್ ಗುರುತು ಇನ್ನೂ ಓದೋಕಾಗುತ್ತೆ. ನೀವು ಹೇಳ್ದಂಗೆ ಅಳೆದೆ, ಒಂದರಲ್ಲಿ 120 ಮೈಕ್ರೋಆಂಪ್ ಸೋರಿಕೆ ಗೇನ್ 78, ಇನ್ನೊಂದರಲ್ಲಿ ಸೋರಿಕೆ 400 ದಾಟ್ತು. ಚೆನ್ನಾಗಿರೋದನ್ನ ಮೊದಲನೇ ಜಾಗಕ್ಕೆ ಹಾಕಿ ಎರಡನೇದು ಸ್ನೇಹಿತ ಹಾಕಿದ್ದೇ ಉಳ್ಸಿದೀನಿ, ಟ್ರಿಮ್‌ಪಾಟ್ ನಾಬು ಹೊರಗೆ ತಂದ್ವಿ. ರೇಡಿಯೋದ ಉಳಿದ ಭಾಗ ಎಲ್ಲಾ ಅದರೊಳಗೇ ಇಟ್ಟು ಚರ್ಮದ ಕವರ್ ಹಾಕಿ ಅಜ್ಜಿಗೆ ವಾಪಸ್ ಕೊಟ್ಟೆ.

ಆರ್ಡರು ಈಗ ಹೀಗಿದೆ, ಸುರುಳಿ ಕೇಬಲ್ಲು, ಬಫರ್ ಮಾಡ್ಸಿದ ವಾವಾ, ಫಝ್, ಆಮೇಲೆ ಟ್ಯೂನರ್, ಒಂದು ಟ್ಯೂಬ್ ಸ್ಕ್ರೀಮರ್ (ಓವರ್‌ಡ್ರೈವ್ ಪೆಡಲ್ಲು), ಅದರ ಗೇನ್ ಪೂರ್ತಿ ಕೆಳಗೆ ಲೆವೆಲ್ ಮೇಲೆ, ಯೂನಿ-ವೈಬ್, ಎಕೋಪ್ಲೆಕ್ಸ್, ಆಂಪಿನ ಮುಂದಿನ ಜ್ಯಾಕ್. ಟ್ಯೂಬ್ ಸ್ಕ್ರೀಮರ್ 1979ರ ಕಡೇದು, ನಮ್ಮ ಕಾಲಕ್ಕೆ ಸೇರಲ್ಲ ಗೊತ್ತು, ಆದ್ರೆ ನನ್ನ ಆಂಪು ಸಾಲಿಡ್ ಸ್ಟೇಟು, ಫಝ್ ನೇರ ಅದಕ್ಕೆ ಹೋದ್ರೆ ಜೇನುಗೂಡಿಗೆ ಕಲ್ಲು ಹೊಡೆದಂಗೆ ಇತ್ತು. ಮಧ್ಯೆ ಇದನ್ನ ಸದಾ ಆನ್ ಇಟ್ರೆ ಕಾದ ವಾಲ್ವ್ ಆಂಪಿನ ಥರ ಅಂಚೆಲ್ಲಾ ದುಂಡಗಾಗುತ್ತೆ. ಐಸೊಲೇಟೆಡ್ ಸಪ್ಲೈ ತಗೊಂಡೆ, ಅದಕ್ಕೋಸ್ಕರ ಇನ್ನೊಂದು ಪೆಡಲ್ ಬಿಟ್ಟೆ. ಫಝ್ ಬ್ಯಾಟರಿ ಮೇಲೇ. ಹಲಗೆ ಸಿಲ್ವರ್ ಓಕ್, ಇಲ್ಲೇ ಬಡಗಿ ಒಬ್ರು ಮಾಡ್ಕೊಟ್ರು.

ನಿನ್ನೆ ಪ್ರಾಕ್ಟೀಸಲ್ಲಿ ಒಂದು ನಿಧಾನದ ಹಾಡು, ವೈಬ್ ಮೆಲ್ಲಗೆ, ಎಕೋ 340ರಲ್ಲಿ, ಫಝ್ ಆನ್ ಇಟ್ಟು ವಾಲ್ಯೂಮ್ ಐದರಿಂದ ಶುರು ಮಾಡಿ ಕೊನೇ ಸಾಲಿಗೆ ಹತ್ತಕ್ಕೆ ತಂದೆ. ಯಾವ ಪೆಡಲ್ಲೂ ತುಳೀಲಿಲ್ಲ. ಮುಗಿದ್ಮೇಲೆ ನಮ್ಮ ಡ್ರಮ್ಮರ್ ಕೋಲು ಕೆಳಗಿಟ್ಟು ಸುಮ್ನೆ ನೋಡ್ತಾ ಕೂತಿದ್ದ. ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಎಸ್ಪಿರೋಡ್_ಸಾಲ್ಡರ್

ಕಣ್ಣು ತುಂಬಿ ಬಂತು ತಮ್ಮಾ. ಆ 400 ಸೋರೋದನ್ನ ಬಿಸಾಡ್ಬೇಡ, ಚಳಿಗಾಲದಲ್ಲಿ ಮತ್ತೆ ಅಳೆದು ನೋಡು. ಈಗ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಲ್ಲಿ ಎಷ್ಟಿದೆ?

ತುಮ್ಕೂರ್_ಟೋನ್

ಮೈನಸ್ 4.6, ರೂಮು 26 ಡಿಗ್ರಿ.

ಎಸ್ಪಿರೋಡ್_ಸಾಲ್ಡರ್

ಪೆಡಲ್ ಒಳಗಡೆ ಮುಚ್ಚಳದ ಮೇಲೆ ಮಾರ್ಕರಲ್ಲಿ ಬರೆದಿಡು, ಡಿಗ್ರಿ ಸಮೇತ. ಏಪ್ರಿಲಲ್ಲಿ ಮತ್ತೆ ಅಳೆದು ಹೇಳು, ನಾನು ನನ್ನದೂ ಹೇಳ್ತೀನಿ.

ಧಾರವಾಡ_ಧ್ವನಿ

ನಂದೂ ಹೇಳ್ತೀನ್ರಿ.